ಚಿಕ್ಕ ಮಕ್ಕಳ ಕ್ರಿಸ್ಮಸ್ ಕಾಲುಚೀಲಕ್ಕೆ ಏನು ತುಂಬಿಸಬೇಕು?

ದೊಡ್ಡ ಉಡುಗೊರೆಗೆ ಮನೆಯವರೆಲ್ಲ ವಾರಗಟ್ಟಲೆ ಯೋಚನೆ ಮಾಡುತ್ತಾರೆ. ಕ್ರಿಸ್ಮಸ್ ಹಿಂದಿನ ರಾತ್ರಿ ಚಿಕ್ಕ ಚಿಕ್ಕ ಉಡುಗೊರೆ ತುಂಬಿ ಮಕ್ಕಳಿಗಾಗಿ ತೂಗುಹಾಕುವ ಕಾಲುಚೀಲಕ್ಕೆ ಮಾತ್ರ 24ನೇ ತಾರೀಕು ಸಂಜೆ ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ ಓಡಿ, ಆ ನೂಕುನುಗ್ಗಲಲ್ಲಿ ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಸಾಮಾನು ತಂದು ತುರುಕುತ್ತಾರೆ. ಆದರೆ ಕ್ರಿಸ್ಮಸ್ ದಿನ ಬೆಳಿಗ್ಗೆ ಚಿಕ್ಕ ಮಗು ಮೊದಲು ಓಡುವುದು ಕಾಲುಚೀಲದ ಹತ್ತಿರವೇ ಅಲ್ವಾ? ಒಳಗೆ ಏನಿದೆ ಅಂತ ಕಾಣುವುದಿಲ್ಲ. ಕೈ ಹಾಕಬೇಕು, ತಡವಬೇಕು, ಒಂದೊಂದೇ ಎಳೆಯಬೇಕು. ಆ ಎಳೆಯುವುದೇ ಅರ್ಧ ಆಟ.

ಅದಕ್ಕೇ ನಾನು ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಮಗು ಅದೇ ಬೆಳಿಗ್ಗೆ, ಅಪ್ಪ ಅಮ್ಮನನ್ನು ಕಾಯದೆ, ಆಡಬಹುದಾ? ಸೆಲ್ ಹಾಕಬೇಕು, ಜೋಡಿಸಬೇಕು, ಫೋನಿನಲ್ಲಿ ಆ್ಯಪ್ ಇಳಿಸಬೇಕು ಅನ್ನುವಂಥದ್ದೆಲ್ಲ ಬೇಡ. ಬೆಳಿಗ್ಗೆ ನೀವು ಅಡುಗೆಮನೆಯಲ್ಲಿ ಇರುತ್ತೀರಿ, ನೆಂಟರು ಬರುತ್ತಿರುತ್ತಾರೆ, ಇನ್ನೂ ಕೆಲವರು ಚರ್ಚ್‌ಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಮಗುವಿನ ಕೈಯಲ್ಲಿ ಆಗಲೇ ಆಟ ಶುರುವಾಗುವ ವಸ್ತು ಇದ್ದರೆ ಎಲ್ಲರಿಗೂ ನೆಮ್ಮದಿ.

ಮೊದಲು ಚೀಲದ ಮಾತು. ಡಿಸೆಂಬರ್‌ನಲ್ಲಿ ಅಂಗಡಿಗಳಲ್ಲಿ ಕೆಂಪು ಬಣ್ಣದ ದೊಡ್ಡ ದೊಡ್ಡ ಕಾಲುಚೀಲ ನೇತುಹಾಕಿರುತ್ತಾರೆ. ನೋಡಲು ಚೆನ್ನ, ಆದರೆ ಅವನ್ನು ತುಂಬಿಸಲು ಹೋದರೆ ಸುಮ್ನೆ ಬೇಡದ್ದನ್ನೆಲ್ಲ ಕೊಳ್ಳಬೇಕಾಗುತ್ತದೆ. ಮಗುವಿನ ಕೈಯಲ್ಲಿ ಒಂದು ಮೊಳ ಉದ್ದ ಇದ್ದರೆ ಸಾಕು, ಕೈ ಹಾಕಿದರೆ ತುದಿ ಸಿಗಬೇಕು. ಹಳೆಯ ಸ್ವೆಟರ್ ತೋಳು ಇದ್ದರೆ ಒಂದು ತುದಿ ಹೊಲಿದುಬಿಡಿ, ಅದಕ್ಕಿಂತ ಒಳ್ಳೆಯ ಕಾಲುಚೀಲ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಎಷ್ಟು ತುಂಬಿದರೂ ಹಿಗ್ಗುತ್ತದೆ. ಮಿಂಚಿನ ಪುಡಿ ಅಂಟಿಸಿದ್ದು ಬೇಡ. ಅದು ಕೈಗೆ, ಕಣ್ಣಿಗೆ, ತಿಂಡಿಗೆ ಎಲ್ಲಕ್ಕೂ ಅಂಟುತ್ತದೆ. ತೂಗುಹಾಕುವ ದಾರ ಗೇಣಿಗಿಂತ ಗಿಡ್ಡ ಇರಲಿ. ಉದ್ದ ರಿಬ್ಬನ್ ಚಿಕ್ಕ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಇರುತ್ತದೆ.

ಇನ್ನು ಒಳಗಿನ ವಸ್ತುಗಳು. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಾಲುಚೀಲಕ್ಕೆ ಹೋಗುವುದೆಲ್ಲ ಚಿಕ್ಕ ವಸ್ತು, ಚಿಕ್ಕ ವಸ್ತು ಅಂದರೆ ಬಾಯಿಗೆ ಹೋಗುವ ವಸ್ತು.

ಮೂರು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗಿಟ್ಟೇ ನೋಡುವುದು. ಆಟಿಕೆ ಪರೀಕ್ಷೆ ಮಾಡುವವರು ಇದಕ್ಕೆ ಒಂದು ಅಳತೆಯ ಕೊಳವೆ ಇಟ್ಟುಕೊಂಡಿರುತ್ತಾರೆ. ಅದರ ಬಾಯಿ ಸುಮಾರು 3.2 ಸೆಂಟಿಮೀಟರ್ ಅಗಲ. ಅದರೊಳಗೆ ಪೂರ್ತಿ ಇಳಿದು ಕೂರುವ ಯಾವುದೇ ತುಣುಕು ಆ ವಯಸ್ಸಿನ ಮಗುವಿಗೆ ಕೊಡುವಂಥದ್ದಲ್ಲ. ಒಂದು ರಟ್ಟಿನ ತುಂಡನ್ನು ಅಷ್ಟಗಲಕ್ಕೆ ಸುರುಳಿ ಸುತ್ತಿ ಅಂಟಿಸಿ ಮನೆಯಲ್ಲೇ ಅಳೆಯಬಹುದು. ಗೋಲಿ, ಮಣಿ, ಗುಂಡಿ, ಕಾರಿನ ಚಕ್ರ, ಗೊಂಬೆಯ ಶೂ ಎಲ್ಲ ಅದರಲ್ಲಿ ಸಲೀಸಾಗಿ ಇಳಿಯುತ್ತವೆ. ಆಟಿಕೆಯನ್ನು ಎಳೆದು, ತಿರುಚಿ ನೋಡಿ. ಕಣ್ಣು ಮೂಗು ಕಿತ್ತು ಬರುವ ಗೊಂಬೆ ಬೇಡ. ಮತ್ತೆ, ನಿಮ್ಮ ದೊಡ್ಡ ಮಗುವಿಗೆ ಆರು ವರ್ಷ ಆಗಿರಬಹುದು. ಪಕ್ಕದಲ್ಲೇ ಒಂದೂವರೆ ವರ್ಷದ ತಂಗಿ ಅಂಬೆಗಾಲು ಇಡುತ್ತಿದ್ದರೆ ಎರಡೂ ಕಾಲುಚೀಲಕ್ಕೆ ತಂಗಿಯ ವಯಸ್ಸಿನ ಲೆಕ್ಕವೇ ಹಾಕಬೇಕು.

ಕೆಲವು ವಸ್ತುಗಳನ್ನು ಯಾವ ಚಿಕ್ಕ ಮಗುವಿಗೂ ಕೊಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಮೊದಲನೆಯದು, ನಾಣ್ಯದ ಥರ ಇರುವ ಬಟನ್ ಸೆಲ್ ಹಾಕಿದ ಅಗ್ಗದ ಮಿನುಗು ಸಾಮಾನು. ಲೈಟ್ ಬರುವ ಉಂಗುರ, ಹಾಡುವ ಕಾರ್ಡ್, ಮಿಂಚುವ ಕೀಚೈನ್ ಇವೆಲ್ಲ. ನುಂಗಿದರೆ ಆ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಒಳಗಿನ ಮಾಂಸವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಕಾಯದೆ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಓಡಬೇಕು. ಎರಡನೆಯದು, ಚಿಕ್ಕ ಚಿಕ್ಕ ಮ್ಯಾಗ್ನೆಟ್ ಗುಂಡುಗಳು. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಅವು ಒಂದನ್ನೊಂದು ಎಳೆದುಕೊಂಡು ತೂತು ಮಾಡುತ್ತವೆ. ಮೂರನೆಯದು, ನೀರಿನಲ್ಲಿ ಹಾಕಿದರೆ ಊದುವ ಬಣ್ಣದ ಜೆಲ್ಲಿ ಮಣಿಗಳು, ಅವು ಹೊಟ್ಟೆಯೊಳಗೂ ಊದುತ್ತವೆ. ಬಲೂನ್ ಕೂಡ ಬೇಡ. ಊದದ ಬಲೂನಾಗಲಿ, ಒಡೆದ ಬಲೂನಿನ ಚೂರಾಗಲಿ ಗಂಟಲಿಗೆ ಅಂಟಿದರೆ ತೆಗೆಯುವುದು ಬಹಳ ಕಷ್ಟ. ದೊಡ್ಡವರೇ ಊದಿ ಗೋಡೆಗೆ ಕಟ್ಟಿ, ಕಾಲುಚೀಲದೊಳಗೆ ಬೇಡ.

ಆಟಿಕೆ ಕೊಳ್ಳುವಾಗ ಐಎಸ್ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಇದು ಕಡ್ಡಾಯ. ಗುರುತು ಇಲ್ಲದ ಪ್ಲಾಸ್ಟಿಕ್ ಆಟಿಕೆ ಎಷ್ಟೇ ಅಗ್ಗ ಆದರೂ ವಾಪಸ್ ಇಟ್ಟುಬಿಡಿ. ಆದರೆ ಚನ್ನಪಟ್ಟಣದ ಗೊಂಬೆ ಕೊಳ್ಳುವಾಗ ಆ ಗುರುತು ಕಾಣಲಿಲ್ಲ ಅಂತ ಗಾಬರಿ ಬೀಳಬೇಡಿ. ಜಿಐ, ಅಂದರೆ ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತು ಪಡೆದ ವಸ್ತುಗಳಿಗೆ, ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿದ್ದಕ್ಕೆ ಆ ನಿಯಮದಿಂದ ವಿನಾಯಿತಿ ಇದೆ.

ಮೈಸೂರು, ಮಂಡ್ಯದವರಿಗೆ ಚನ್ನಪಟ್ಟಣ ದಾರಿಯಲ್ಲೇ ಇರುವ ಊರು. ಅಲ್ಲಿಗೆ ಹೋಗಲಾಗದಿದ್ದರೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ನೋಡಿ. ಹಾಲೆ ಮರವನ್ನು ಲೇತ್ ಮೇಲೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಷ್ಟು ನುಣುಪು, ಮೂಲೆ ಮೊನಚು ಇರುವುದಿಲ್ಲ. ಒಂದು ವರ್ಷದ ಮಗುವಿಗೆ ಗಿಲಕಿ, ಎರಡು ವರ್ಷಕ್ಕೆ ಕೋಲಿಗೆ ಪೋಣಿಸುವ ಬಣ್ಣದ ಬಳೆಗಳು, ನಾಲ್ಕು ವರ್ಷ ದಾಟಿದವರಿಗೆ ಬುಗುರಿ. ಅರಿಶಿನದಂಥ ಸಸ್ಯದ ಬಣ್ಣ ಹಾಕಿದ್ದಾ ಅಂತ ಅಂಗಡಿಯವರನ್ನು ಕೇಳಿ, ಬಾಯಿಗಿಡುವ ಮಗುವಿಗೆ ಅದೇ ಇರಲಿ. ನನ್ನ ಮಟ್ಟಿಗೆ ಕಾಲುಚೀಲದಲ್ಲಿ ಒಂದಾದರೂ ಮರದ ವಸ್ತು ಇರಲೇಬೇಕು. ಒಳಗೆ ಕೈ ಹಾಕಿ ತಡವುವಾಗ ಅದರ ತೂಕ, ನುಣುಪು ಮಗುವಿಗೆ ಬೇರೆಯೇ ಗೊತ್ತಾಗುತ್ತದೆ.

ಕಾಲುಚೀಲದ ತುದಿಗೆ ಕಿತ್ತಳೆ ಹಣ್ಣು. ಇದು ಹಳೆಯ ಪದ್ಧತಿ, ಬಿಡಬೇಡಿ. ಇಂದಿನ ಟರ್ಕಿಯಲ್ಲಿದ್ದ ಮೈರಾ ಎಂಬ ಊರಿನ ಬಿಷಪ್ ಸಂತ ನಿಕೋಲಸ್ ಒಬ್ಬ ಬಡ ತಂದೆಯ ಮೂರು ಹೆಣ್ಣುಮಕ್ಕಳಿಗಾಗಿ ರಾತ್ರಿ ಗುಟ್ಟಾಗಿ ಚಿನ್ನ ಎಸೆದು ಹೋದರಂತೆ, ಅದು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ ಅನ್ನುವ ಕಥೆ ಇದೆ. ಆ ಚಿನ್ನದ ಉಂಡೆಯ ನೆನಪಿಗೆ ಈ ಹಣ್ಣು ಅಂತ ಹೇಳುತ್ತಾರೆ. ಡಿಸೆಂಬರ್ ಹೊತ್ತಿಗೆ ದೇವರಾಜ ಮಾರ್ಕೆಟ್‌ನಲ್ಲಿ ಕಿತ್ತಳೆ ರಾಶಿ ಹಾಕಿರುತ್ತಾರೆ. ಕೊಡಗಿನದು ಸಿಕ್ಕಿದರೆ ಅದನ್ನೇ ಆರಿಸಿ, ಸಿಪ್ಪೆ ಸಡಿಲ, ಚಿಕ್ಕ ಕೈಗೂ ಸುಲಿಯಲು ಬರುತ್ತದೆ. ಎರಡು ಮೂರು ವರ್ಷದವರಿಗೆ ಬೀಜ ತೆಗೆದು ತೊಳೆ ಬಿಡಿಸಿ ಕೊಡಿ. ಹಣ್ಣು ಕೊಡುವಾಗ ಕಥೆಯನ್ನೂ ಹೇಳಿ, ಮಕ್ಕಳಿಗೆ ಅದು ತುಂಬಾ ಇಷ್ಟವಾಗುತ್ತದೆ.

ತಿಂಡಿ ವಿಷಯದಲ್ಲಿ ನಮ್ಮ ಊರಿನ ದೊಡ್ಡ ಸಮಸ್ಯೆ ಇರುವೆ. ರಾತ್ರಿ ಇಟ್ಟ ಚಾಕೊಲೇಟ್ ಬೆಳಿಗ್ಗೆ ಹೊತ್ತಿಗೆ ಇರುವೆ ಪಾಲು. ಕಲ್ಕಲ್ (ಸಿಹಿ ಹಿಟ್ಟಿನ ಕರಿದ ಪುಟ್ಟ ಸುರುಳಿ), ರೋಸ್ ಕುಕ್ಕಿ, ಕರ್ಜಿಕಾಯಿ ಹೇಗೂ ಮನೆಯಲ್ಲಿ ಮಾಡಿರುತ್ತೀರಿ. ಒಂದು ಹಿಡಿ ಕಲ್ಕಲ್ ಅನ್ನು ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕಾಲುಚೀಲದಲ್ಲಿ ಇಡಿ. ಡಬ್ಬಿ ಆಮೇಲೆ ಆಟಕ್ಕೂ ಆಗುತ್ತದೆ. ಇಡಿ ಕಡಲೆಕಾಯಿ ಬೀಜ, ಬಾದಾಮಿ, ಗಟ್ಟಿ ಪೆಪ್ಪರ್‌ಮಿಂಟ್, ಕಪ್ಪಿನಲ್ಲಿ ಬರುವ ಜೆಲ್ಲಿ ಇವು ಐದು ವರ್ಷದೊಳಗಿನವರಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿ ಕೊಟ್ಟರೆ ಉದ್ದಕ್ಕೆ ಸೀಳಿ ಕೊಡಿ.

ಮೂರರಿಂದ ಐದು ವರ್ಷದವರಿಗೆ ಆರಿಸುವುದು ಖುಷಿಯ ಕೆಲಸ, ಈ ವಯಸ್ಸಿನಲ್ಲಿ ಎಲ್ಲವೂ ಆಟವೇ. ದಪ್ಪ ಕ್ರೇಯಾನ್, ಅದರ ಜೊತೆ ಒಂದು ಪುಟ್ಟ ನೋಟ್‌ಬುಕ್. ಕ್ರೇಯಾನ್ ಮಾತ್ರ ಕೊಟ್ಟು ಪುಸ್ತಕ ಕೊಡದಿದ್ದರೆ ಗೋಡೆ ಹೋಯಿತು ಅಂತಲೇ ಲೆಕ್ಕ. ಸೋಪ್ ಗುಳ್ಳೆ ಊದುವ ಸೀಸೆ, ಅಂಗಳದಲ್ಲಿ ಚಿತ್ರ ಬರೆಯಲು ಬಣ್ಣದ ಸೀಮೆಸುಣ್ಣ, ಪ್ಲಾಸ್ಟಿಕ್ ಭೂತಗನ್ನಡಿ. ಭೂತಗನ್ನಡಿ ಕೊಟ್ಟ ಮನೆಯಲ್ಲಿ ಆ ದಿನವಿಡೀ ಇರುವೆ ಸಾಲು ಹಿಂಬಾಲಿಸುವ ಕೆಲಸ ನಡೆಯುತ್ತದೆ. ಅದರಿಂದ ಸೂರ್ಯನನ್ನು ನೋಡಬಾರದು ಅಂತ ಮಾತ್ರ ಮೊದಲೇ ಹೇಳಿಬಿಡಿ. ಹಳೆಯ ಕೈಗವಸಿನ ಬೆರಳು ಕತ್ತರಿಸಿ, ದಾರದಲ್ಲೇ ಕಣ್ಣು ಬಾಯಿ ಹೊಲಿದರೆ ಬೆರಳ ಗೊಂಬೆ ಆಗುತ್ತದೆ. ಒಂದು ಕುರಿ, ಒಂದು ಕತ್ತೆ, ಒಬ್ಬ ಕುರುಬ ಮಾಡಿಕೊಟ್ಟು ನೋಡಿ. ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿಯಲ್ಲಿರುವ ಬೊಂಬೆಗಳನ್ನು ಮುಟ್ಟಬೇಡ ಅಂತ ಮಗುವನ್ನು ಗದರಿಸುವುದು ತಪ್ಪುತ್ತದೆ, ಅದರ ಕೈಯಲ್ಲೇ ಒಂದು ಗೋದಲಿ ಇರುತ್ತದಲ್ಲ.

ಅಂಗಡಿಯ ಜೇಡಿಯ ಬದಲು ಮನೆಯಲ್ಲೇ ಹಿಟ್ಟಿನ ಜೇಡಿ ಮಾಡಿ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ. ಸ್ವಲ್ಪ ಸ್ವಲ್ಪವೇ ಬಿಸಿನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಬೇಕು. ಒಂದು ಉಂಡೆಗೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಬಾಳುತ್ತದೆ. ಉಪ್ಪು ಜಾಸ್ತಿ ಇರುವುದರಿಂದ ತಿನ್ನಲು ಬಿಡಬಾರದು. ಎಲ್ಲವನ್ನೂ ಬಾಯಿಗಿಡುವ ಮಗು ಮನೆಯಲ್ಲಿದ್ದರೆ ಇದನ್ನು ಬಿಟ್ಟುಬಿಡಿ.

ಐದು ದಾಟಿದವರಿಗೆ ಜೊತೆಯಲ್ಲಿ ಆಡುವ ವಸ್ತು ಕೊಡಿ. ಚೌಕಾಬಾರಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಒಂದು ಬಟ್ಟೆಯ ಮೇಲೆ ಐದು ಸಾಲು, ಸಾಲಿಗೆ ಐದು ಮನೆ ಬರೆಯಿರಿ, ಅಡ್ಡಕ್ಕೆ ಆರು, ಉದ್ದಕ್ಕೆ ಆರು ಗೆರೆ ಹೊಲಿಗೆ ಹಾಕಿದರೂ ಆಯಿತು. ಬಟ್ಟೆಯನ್ನು ಸುತ್ತಿ ದಾರ ಕಟ್ಟಿ, ಕವಡೆ, ಕಾಯಿಗಳನ್ನು ಪುಟ್ಟ ಚೀಲಕ್ಕೆ ಹಾಕಿ. ಮಡಚಿದರೆ ಅಂಗೈಯಷ್ಟೇ ಜಾಗ. ಊಟ ಆದ ಮೇಲೆ ಅಜ್ಜಿ, ತಾತ, ಬಂದ ನೆಂಟರು ಎಲ್ಲರೂ ಕೂರುತ್ತಾರೆ, ಎಣಿಸುವುದೂ ಬರುತ್ತದೆ. ಇಂಥ ಹಳೆಯ ಆಟಗಳನ್ನು ಚೆಂದವಾಗಿ ಮಾಡಿಸಿ ಉಳಿಸಿಕೊಂಡು ಬಂದಿರುವ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಮ್ಮ ಮೈಸೂರಿನಲ್ಲೇ ಇದೆ. ಕವಡೆ, ಹುಣಸೆ ಬೀಜ ಮಾತ್ರ ಮನೆಯ ಪುಟ್ಟ ಮಗುವಿಗೆ ಸಿಗದಂತೆ ಎತ್ತಿಡಬೇಕು.

ಪುಸ್ತಕ ಮರೆಯಬೇಡಿ. ಪ್ರಥಮ್ ಬುಕ್ಸ್, ನವಕರ್ನಾಟಕದವರ ತೆಳುವಾದ ಮಕ್ಕಳ ಪುಸ್ತಕಗಳು ಕನ್ನಡದಲ್ಲೇ ಇವೆ, ಬೆಲೆಯೂ ಕಮ್ಮಿ. ಸುರುಳಿ ಸುತ್ತಿ ರಿಬ್ಬನ್ ಕಟ್ಟಿದರೆ ಕಾಲುಚೀಲದ ಬಾಯಿಂದ ಇಣುಕುತ್ತದೆ.

ಕೆಲವರು ಟೂತ್‌ಬ್ರಶ್, ಕರ್ಚೀಫ್, ಚಡ್ಡಿ ಬನಿಯನ್ ಹಾಕಿ ಚೀಲ ತುಂಬಿಸುತ್ತಾರೆ. ಒಂದು ಸಾಕು. ಹೇಗಿದ್ದರೂ ಕೊಡಿಸಬೇಕಾದದ್ದನ್ನೆಲ್ಲ ಇದರಲ್ಲಿ ತುಂಬಿಸಿದರೆ ಮಗುವಿಗೆ ನಿರಾಸೆ ಆಗುತ್ತದೆ, ಅದು ಮುಖದಲ್ಲೇ ಕಾಣುತ್ತದೆ. ಹಾಗಂತ ತುಂಬಾ ವಸ್ತು ಹಾಕುವುದೂ ಬೇಡ. ಐದಾರು ಇರಲಿ. ಅದಕ್ಕಿಂತ ಜಾಸ್ತಿ ಆದರೆ ಮಗು ಒಂದನ್ನೂ ಸರಿಯಾಗಿ ನೋಡದೆ ಮುಂದಿನದಕ್ಕೆ ಕೈ ಹಾಕುತ್ತದೆ. ಇಬ್ಬರು ಮೂವರು ಮಕ್ಕಳಿದ್ದರೆ ಎಣಿಕೆ ಸಮ ಇರಲೇಬೇಕು. ಬೆಲೆ ಮಕ್ಕಳಿಗೆ ಗೊತ್ತಾಗುವುದಿಲ್ಲ, ಎಣಿಕೆ ಗೊತ್ತಾಗುತ್ತದೆ. ಅಣ್ಣನಿಗೆ ಆರು ಬಂದು ತಮ್ಮನಿಗೆ ಐದು ಬಂದರೆ ಹಬ್ಬದ ದಿನ ಅಳು. ಸೀಟಿ, ಪೀಪಿ ಥರದ್ದು ಕೊಡುವಿರಾದರೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡಬೇಡಿ.

ತುಂಬಿಸುವಾಗ ತುದಿಗೆ ಕಿತ್ತಳೆ, ಅದರ ಮೇಲೆ ತಿಂಡಿ ಡಬ್ಬಿ, ಮಧ್ಯಕ್ಕೆ ಮೆತ್ತನೆಯ ವಸ್ತುಗಳು, ಬಾಯಿಗೆ ಪುಸ್ತಕವೋ ಬೆರಳ ಗೊಂಬೆಯೋ. ಪ್ರತಿಯೊಂದಕ್ಕೂ ಬಣ್ಣದ ಕಾಗದ ಸುತ್ತುವ ಅವಶ್ಯಕತೆ ಇಲ್ಲ. ಒಂದೆರಡಕ್ಕೆ ನ್ಯೂಸ್ ಪೇಪರ್ ಸುತ್ತಿ, ಹರಿಯುವುದು ಮಕ್ಕಳಿಗೆ ಇಷ್ಟ. ಚಳಿ ದೇಶಗಳಲ್ಲಿ ಕಾಲುಚೀಲವನ್ನು ಬೆಂಕಿಗೂಡಿನ ಹತ್ತಿರ ತೂಗುಹಾಕುತ್ತಾರೆ, ನಮ್ಮ ಮನೆಗಳಲ್ಲಿ ಬೆಂಕಿಗೂಡು ಎಲ್ಲಿದೆ? ಕಿಟಕಿ ಸರಳಿಗೋ ಗೋದಲಿ ಪಕ್ಕದ ಮೊಳೆಗೋ ತೂಗುಹಾಕಿ. ಮಗುವಿನ ಎದೆ ಮಟ್ಟಕ್ಕೆ ಇರಲಿ, ಸ್ಟೂಲ್ ಹತ್ತುವಂತೆ ಆಗಬಾರದು. ಮೇಣದ ಬತ್ತಿ, ಸೀರಿಯಲ್ ಲೈಟ್‌ನಿಂದ ದೂರ ಇರಲಿ. ಸಂತ ಫಿಲೋಮಿನಾ ಚರ್ಚ್‌ನಲ್ಲಿ ರಾತ್ರಿ ಪೂಜೆ ಮುಗಿಸಿ ಬರುವವರು ನಿದ್ದೆಗಣ್ಣಿನ ಮಗುವಿಗೆ ಆಗಲೇ ತೆರೆಯಲು ಕೊಡಬೇಡಿ, ಬೆಳಕು ಹರಿದ ಮೇಲೆ ಕೊಡಿ.

ಎಲ್ಲ ತೆಗೆದಾದ ಮೇಲೆ ನೆಲ ಒಮ್ಮೆ ಗುಡಿಸಿ. ಪ್ಲಾಸ್ಟಿಕ್ ಕವರ್, ಚಾಕೊಲೇಟ್ ಹಾಳೆ, ರಬ್ಬರ್ ಬ್ಯಾಂಡ್, ಆಟಿಕೆ ಡಬ್ಬದೊಳಗೆ ಬರುವ ಬಿಳಿ ಸಿಲಿಕಾ ಪೊಟ್ಟಣ, ಲೇಬಲ್ ಕಟ್ಟಿದ ಪ್ಲಾಸ್ಟಿಕ್ ಎಳೆ ಇವನ್ನೆಲ್ಲ ಅಂಬೆಗಾಲಿನ ಮಗು ಹುಡುಕುವ ಮುಂಚೆ ನೀವು ಹುಡುಕಿ ಎತ್ತಿಬಿಡಿ.