ಬ್ಲಿನಾಟುಮೊಮ್ಯಾಬ್ ಪಂಪ್ ಮನೆಗೆ ಬಂದಾಗ: ಮುಂಬೈಯ ಕುಟುಂಬಗಳಿಗೆ

ಫಿಲಡೆಲ್ಫಿಯಾ ಕ್ರೋಮೊಸೋಮ್ ಎಂಬ ವಂಶವಾಹಿ ದೋಷ ಕ್ಯಾನ್ಸರ್ ಕೋಶಗಳಲ್ಲಿ ಇರುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಕೆಲವರಿಗೆ ಡಾಸಾಟಿನಿಬ್ ಮಾತ್ರೆಯ ಜೊತೆ ಬ್ಲಿನಾಟುಮೊಮ್ಯಾಬ್ ಕೊಡುತ್ತಾರೆ. ಬ್ಲಿನಾಟುಮೊಮ್ಯಾಬ್ ಒಂದು ಪ್ರತಿಕಾಯ (ಆಂಟಿಬಾಡಿ). ಅದರ ಒಂದು ತುದಿ ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಎಂಬ ಪ್ರೋಟೀನನ್ನು, ಇನ್ನೊಂದು ತುದಿ ರೋಗಿಯದೇ ಟಿ ಕೋಶದ (ರೋಗನಿರೋಧಕ ಬಿಳಿ ರಕ್ತಕಣದ) ಮೇಲಿನ ಸಿಡಿ3 ಪ್ರೋಟೀನನ್ನು ಹಿಡಿಯುತ್ತದೆ. ಕೊಲ್ಲುವ ಕೆಲಸ ಟಿ ಕೋಶದ್ದು. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಒಂದೊಂದು ಸುತ್ತಿನಲ್ಲಿ 28 ದಿನ ಹಗಲೂ ರಾತ್ರಿ, ಟ್ಯೂಬಿನ ಮೂಲಕ ರಕ್ತನಾಳಕ್ಕೆ ಔಷಧಿ ಬಿಡುವ ಪಂಪ್ ಓಡುತ್ತಿರಬೇಕು.

ಮೊದಲ ಸುತ್ತಿನ ಆರಂಭದ ದಿನಗಳು ಆಸ್ಪತ್ರೆಯಲ್ಲೇ ಕಳೆಯುತ್ತವೆ. ಮನೆಗೆ ಬಂದ ಮೇಲೆ ಎಲ್ಲ ಏರ್ಪಾಡೂ 4 ಗಂಟೆಯ ಲೆಕ್ಕದಲ್ಲಿರಲಿ. ಪಂಪ್ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಮತ್ತೆ ಆಸ್ಪತ್ರೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟೇ ಶುರುಮಾಡಬೇಕು. ಜುಲೈಯಲ್ಲಿ ಸಯನ್, ಕುರ್ಲಾದಲ್ಲಿ ಹಳಿ ಮೇಲೆ ನೀರು ನಿಂತರೆ ಡೊಂಬಿವಲಿಯಿಂದ ಪರೇಲ್ ತಲುಪುವುದಕ್ಕೇ ಅಷ್ಟು ಹೊತ್ತು ಹೋಗಬಹುದು. ಪರೇಲಿನಲ್ಲಿ ಚಿಕಿತ್ಸೆಯಾದರೆ ದಾದರ್, ಮಾಟುಂಗಾ ಕಡೆ, ಖಾರ್ಘರಿನಲ್ಲಾದರೆ ನವಿ ಮುಂಬೈಯಲ್ಲೇ ಕೋಣೆ ಹಿಡಿಯಿರಿ. ಬಾಡಿಗೆ ಹೆಚ್ಚಾದರೂ ಈ ಒಂದು ಖರ್ಚು ಉಳಿಸಬೇಡಿ.

ಅಲಾರಂ ಹೊಡೆದರೆ ಮೊದಲು ಕ್ಲಾಂಪ್ ಮುಚ್ಚಿದೆಯೇ, ಟ್ಯೂಬ್ ಮಡಚಿದೆಯೇ, ಬ್ಯಾಟರಿ ಇಳಿದಿದೆಯೇ ನೋಡಿ, ನರ್ಸಿಗೆ ಫೋನ್ ಮಾಡಿ. ಪಂಪಿನ ವೇಗ ಮುಟ್ಟಬೇಡಿ. ಟ್ಯೂಬನ್ನು ಸಲೈನ್ ಹಾಕಿ ಫ್ಲಶ್ ಮಾಡಲೇಬೇಡಿ: ಅದರೊಳಗೆ ಉಳಿದ ಔಷಧಿಯೆಲ್ಲ ಒಮ್ಮೆಗೇ ಮೈಗೆ ಸೇರಿ ಡೋಸ್ ಮೀರುತ್ತದೆ.

ದಿನವೂ ಬೆಳಿಗ್ಗೆ ರೋಗಿ ಒಂದೇ ನೋಟ್‌ಬುಕ್ಕಿನಲ್ಲಿ ಅದೇ ವಾಕ್ಯ ಬರೆದು ಸಹಿ ಹಾಕಲಿ. ಔಷಧಿ ಮಿದುಳಿನ ಮೇಲೆ ಪರಿಣಾಮ ಮಾಡಿದರೆ ಅಕ್ಷರ ಸೊಟ್ಟಗಾಗುವುದು, ಕೈ ನಡುಗುವುದು, ಮಾತು ತಡವರಿಸುವುದು ಬೇಗ ಗೊತ್ತಾಗುತ್ತದೆ. ಅಕ್ಷರ ಬದಲಾದರೆ ಸಂಜೆವರೆಗೆ ಕಾಯಬೇಡಿ. ಜ್ವರ 100.4 ಡಿಗ್ರಿ ಮುಟ್ಟಿದರೂ ಅಷ್ಟೇ. ಕ್ರೋಸಿನ್ ನುಂಗಿಸುವ ಮೊದಲು ಫೋನ್ ಮಾಡಿ. ಆ ತಿಂಗಳು ರೋಗಿ ಸ್ಕೂಟರ್, ಕಾರು ಓಡಿಸಬಾರದು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಟ್ಯೂಬ್ ಎಳೆದುಹೋಗುತ್ತದೆ, ಟ್ಯಾಕ್ಸಿಯಲ್ಲೇ ಓಡಾಡಿ.

ಮಾತ್ರೆಯ ವಿಷಯದಲ್ಲಿ ಆಗುವ ತಪ್ಪು ಹೆಚ್ಚಾಗಿ ಗ್ಯಾಸಿನ ಮಾತ್ರೆಯದು. ಪ್ಯಾಂಟೊಪ್ರಜೋಲ್ ತೆಗೆದುಕೊಂಡರೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಡಾಸಾಟಿನಿಬ್ ಮೈಗೆ ಸರಿಯಾಗಿ ಸೇರುವುದಿಲ್ಲ. ಎದೆಯುರಿ ಇದ್ದರೆ ಡಾಕ್ಟರಿಗೇ ಹೇಳಿ; ಅವರು ಆಂಟಾಸಿಡ್ ಬರೆದುಕೊಟ್ಟರೆ ಡಾಸಾಟಿನಿಬ್‌ಗೂ ಅದಕ್ಕೂ ಕನಿಷ್ಠ 2 ಗಂಟೆ ಅಂತರವಿರಲಿ. ಉಸಿರು ಕಟ್ಟಿದಂತಾದರೆ ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು, ಅದೇ ದಿನ ತೋರಿಸಿ.

ಬೇರೆ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಬೇಕಾಗಿ ಬಂದರೆ ಅಲ್ಲಿಯವರು ಇದೇ ಲೈನಿಗೆ ಆಂಟಿಬಯೋಟಿಕ್ ಹಾಕಲು ನೋಡಬಹುದು. 'ಬ್ಲಿನಾಟುಮೊಮ್ಯಾಬ್ ಮಾತ್ರ, ಫ್ಲಶ್ ಬೇಡ' ಎಂದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಟ್ಯೂಬಿಗೆ ಅಂಟಿಸಿ, ವಾರ್ಡಿನ ಫೋನ್ ನಂಬರನ್ನೂ ಅದರ ಕೆಳಗೇ ಬರೆಯಿರಿ.