ಕಥೆ ಕೇಳಬೇಡಿ, ಕಲ್ಲು ತೋರಿಸಿ

ಊರ ಹಿರಿಯರ ಮುಂದೆ ಫೋನ್ ಹಿಡಿದು "ನಿಮ್ಮೂರಿನ ಹಳೇ ಕಥೆ ಹೇಳಿ ತಾತ" ಅಂದರೆ ಸಿಗುವ ಉತ್ತರ ಒಂದೇ: "ನಮಗೇನ್ ಗೊತ್ತಪ್ಪ, ನಾವ್ ಓದಿದೋರಲ್ಲ." ಅದೇ ತಾತನ ಜೊತೆ ಕೆರೆ ಏರಿ ಮೇಲೆ ನಡೆಯಿರಿ. ತೂಬಿನ ಪಕ್ಕ ಕುಂಕುಮ ಮೆತ್ತಿದ ಕಲ್ಲು ತೋರಿಸಿ "ಇದ್ಯಾರು ತಾತ?" ಅಂತ ಕೇಳಿ. ಹೊತ್ತು ಮುಳುಗಿದರೂ ಮಾತು ಮುಗಿಯುವುದಿಲ್ಲ.

ಮಂಡ್ಯ, ಮೈಸೂರು ಸೀಮೆಯ ಸ್ಥಳದ ಕಥೆಗಳನ್ನು ಕಲೆಹಾಕುವ ಹುಚ್ಚು ನನಗೆ. ಮೇಷ್ಟ್ರ ಕೆಲಸ, ಹಾಗಾಗಿ ಭಾನುವಾರ ಮತ್ತು ಬೇಸಿಗೆ ರಜೆ ಇದಕ್ಕೇ ಮೀಸಲು. ಬೈಕು, ನೋಟ್‌ಬುಕ್ಕು, ಫೋನು ಇದ್ದರೆ ಸಾಕು. ಒಪ್ಪಿಗೆ ಕೇಳಿ ರೆಕಾರ್ಡ್ ಹಾಕಿ ಫೋನನ್ನು ಅಂಗಿ ಜೇಬಿಗೆ ಇಳಿಬಿಡುತ್ತೇನೆ. ಕೈಯಲ್ಲಿ ಹಿಡಿದರೆ ಜನ ಟಿವಿಯಲ್ಲಿ ಮಾತಾಡುವ ಹಾಗೆ ಶುರು ಮಾಡುತ್ತಾರೆ.

ಮಳವಳ್ಳಿ ಕಡೆ ಒಂದು ಕೆರೆಯ ಹತ್ತಿರ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಸಿಕ್ಕಿದರು. ಏರಿ ಮೇಲೆ ಏಳು ಸಣ್ಣ ಕಲ್ಲು ಸಾಲಾಗಿ ನೆಟ್ಟಿದ್ದವು. ಒಂದರ ಮೇಲೆ ಒಡೆದ ಬಳೆ, ಒಣಗಿದ ವೀಳ್ಯದೆಲೆ. "ಅಕ್ಕಯ್ಯಗಳು ಕಣಪ್ಪ. ಏಳ್ ಜನ. ನೀರೊಳಗೇ ಇರೋದು" ಅಂದರು. ಹಿಂದೆ ಮದುವೆ ಇಟ್ಟುಕೊಂಡವರು ರಾತ್ರಿ ಬಂದು ಎಲೆ ಅಡಿಕೆ ಇಟ್ಟು, ಇಷ್ಟಿಷ್ಟು ಪಾತ್ರೆ ಬೇಕು ತಾಯಿ ಅಂತ ಬೇಡಿಕೊಂಡು ಹೋಗುತ್ತಿದ್ದರಂತೆ. ಬೆಳಿಗ್ಗೆ ನೋಡಿದರೆ ಚಿನ್ನದ ಕೊಳಗ, ಚಿನ್ನದ ತಟ್ಟೆ. ಮದುವೆ ಮುಗಿದ ಮೇಲೆ ತೊಳೆದು ನೀರಿಗೆ ಬಿಡಬೇಕು. ಯಾರೋ ಒಬ್ಬ ಆಸೆಬುರುಕ ಸೌಟೊಂದನ್ನು ಮನೆಯಲ್ಲೇ ಇಟ್ಟುಕೊಂಡ. ಆವತ್ತಿಗೆ ಕೊನೆ.

"ಯಾರಜ್ಜಿ ಇಟ್ಕೊಂಡಿದ್ದು?" ಅಂದೆ. ಅಜ್ಜಿ ಗದ್ದ ಎತ್ತಿ ಕೆಳಗಿನ ಬೀದಿ ತೋರಿಸಿದರು. "ಬರ್ಕೋಬ್ಯಾಡ ಮತ್ತೆ." ಕೆಳಗಿನ ಬೀದಿಗೆ ಹೋಗಿ ಕೇಳಿದೆ. ಅಲ್ಲಿನವರ ಪ್ರಕಾರ ಕಳ್ಳತನ ಆಗಿದ್ದು ಮೇಲಿನ ಬೀದಿಯಲ್ಲಿ!

ಈ ಪಾತ್ರೆ ಕಥೆ ಬೇರೆ ಕೆರೆಗಳಿಗೂ ಅಂಟಿಕೊಂಡಿದೆ. ಕದ್ದ ವಸ್ತು ಮಾತ್ರ ಬದಲಾಗುತ್ತದೆ: ಒಂದು ಕಡೆ ಸೌಟು, ಇನ್ನೊಂದು ಕಡೆ ಮುಚ್ಚಳ. ಹಾಗಾಗಿ ಯಾರು ಹೇಳಿದರು, ಎಲ್ಲಿ ನಿಂತು ಹೇಳಿದರು, ಯಾವ ಕಡೆ ಕೈ ತೋರಿಸಿದರು ಅನ್ನುವುದನ್ನೆಲ್ಲ ಬರೆದುಕೊಳ್ಳುತ್ತೇನೆ. ಎರಡು ಕಥೆ ಸೇರಿಸಿ ಒಂದು ಚಂದದ ಕಥೆ ಮಾಡುವ ಚಪಲ ಎಲ್ಲರಿಗೂ ಇರುತ್ತದೆ. ಅದೊಂದು ಮಾತ್ರ ಬೇಡ. ಮೇಲುಕೋಟೆಯ ಅಕ್ಕ ತಂಗಿ ಕೊಳವನ್ನೇ ನೋಡಿ. ಲೆಕ್ಕ ಇಡದೆ ಕಟ್ಟಿಸಿದವಳ ಕೊಳದ ನೀರು ಚೆನ್ನಾಯಿತು, ಕಾಸು ಕಾಸಿಗೂ ಲೆಕ್ಕ ಇಟ್ಟವಳದ್ದು ಕೆಟ್ಟಿತು ಅನ್ನುತ್ತಾರೆ. ಲೆಕ್ಕ ಇಟ್ಟವಳು ಅಕ್ಕನೋ ತಂಗಿಯೋ ಅಂತ ಕೇಳಿ, ಜಗಳವೇ ಹತ್ತುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಎರಡೂ ಇವೆ.

ಜಾಸ್ತಿ ಹೊತ್ತು ಹಿಡಿದದ್ದು ತಲಕಾಡು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿ ಬೆನ್ನುಫಣಿಯಾಗಿ (ಬೆನ್ನ ಮೇಲೆ ಏಳುವ ಕೆಟ್ಟ ಹುಣ್ಣು) ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಬಂದಿದ್ದ. ಅವನ ಹೆಂಡತಿ ಅಲಮೇಲಮ್ಮ. ಒಡವೆಗಾಗಿ ಮೈಸೂರಿನ ಕಡೆಯವರು ಬೆನ್ನು ಹತ್ತಿದಾಗ ಅವಳು ಶಾಪ ಹಾಕಿ ಕಾವೇರಿಗೆ ಹಾರಿದಳು ಅಂತ ಐತಿಹ್ಯ. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ." ಮೂರೂ ಮಾತು ಎಲ್ಲರಿಗೂ ಬಾಯಿಪಾಠ. ಆದರೂ ನಿಂತ ಜಾಗ ಬದಲಾದರೆ ಒತ್ತು ಬದಲಾಗುತ್ತದೆ. ಮೈಸೂರಿನ ಆಟೋ ಸ್ಟ್ಯಾಂಡಿನಲ್ಲಿ ಮಾತೆಲ್ಲ ಮಕ್ಕಳದ್ದೇ. ಮಾಲಂಗಿ ಕಡೆಯವರು ಮಡು ಎಷ್ಟು ಆಳ ಅನ್ನುವುದರಲ್ಲೇ ಮುಳುಗಿಬಿಡುತ್ತಾರೆ. ತಲಕಾಡಿನಲ್ಲಿ ಸುಮ್ನೆ ಬಗ್ಗಿ ಒಂದು ಹಿಡಿ ಮರಳು ಎತ್ತಿ ತೋರಿಸುತ್ತಾರೆ.

ಹೊಳೆ ಅಲ್ಲಿ ತಿರುವು ತೆಗೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಯಲಾದ ಮರಳನ್ನು ಗಾಳಿ ಊರೊಳಗೆ ತಂದು ಸುರಿಯುತ್ತದೆ, ವಿಜಯನಗರದ ಕಾಲದ ಮಾಧವಮಂತ್ರಿ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿದ ಮೇಲೆ ಇದು ಹೆಚ್ಚಿತು ಅಂತ ತಿಳಿದವರು ವಿವರಿಸುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಹೂವು ಮಾರುವ ಒಬ್ಬ ಯಜಮಾನರಿಗೆ ಅದನ್ನೇ ಹೇಳಿದೆ. "ಗಾಳಿಯಿಂದಲೇ ಬಂತು ಸ್ವಾಮಿ. ಗಾಳಿಗೆ ಹೇಳ್ದೋರ್ ಯಾರು?" ಅಂದರು. ಉತ್ತರ ಕೊಡಲು ಹೋಗಲಿಲ್ಲ. ಕಥೆ ಕೇಳಲು ಹೋದವನು ವಾದ ಮಾಡಿದರೆ ಮುಂದಿನ ಕಥೆ ಹೊರಗೆ ಬರುವುದಿಲ್ಲ.

2017ರಲ್ಲಿ ಮೈಸೂರು ಅರಮನೆಯವರಿಗೆ ಗಂಡು ಮಗು ಹುಟ್ಟಿದಾಗ ಶಾಪ ಕಳೆಯಿತು ಅಂತ ಸುದ್ದಿಯೋ ಸುದ್ದಿ. ಕಥೆ ಇಲ್ಲಿಗೆ ನಿಲ್ಲುತ್ತದೇನೋ ಅಂದುಕೊಂಡು ಮತ್ತೆ ಆ ಹೂವಿನ ಯಜಮಾನರ ಹತ್ತಿರ ಹೋದೆ. "ದತ್ತು ಬಂದೋರಿಗೆ ಮಕ್ಕಳಾಗ್ತವೆ. ಆ ಮಕ್ಕಳಿಗೆ ಆಗಕಿಲ್ಲ. ಶಾಪ ಇರೋದೇ ಹಂಗೆ" ಅಂದು ಮಾಲೆ ಕಟ್ಟುತ್ತಾ ಕೂತರು. ಅಲಮೇಲಮ್ಮನ ಮೇಲೆ ಅವರಿಗೆ ಸಿಟ್ಟಿಲ್ಲ, ಅರಮನೆ ಮೇಲೂ ಇಲ್ಲ. ಅರಮನೆಯಲ್ಲೇ ಅವಳಿಗೆ ಪೂಜೆ ನಡೆಯುತ್ತದಲ್ವಾ?

ಬೇಸರ ಆಗುವುದು ಕಲ್ಲು ಮಾಯವಾದಾಗ. ಹೂಳೆತ್ತಲು ಜೆಸಿಬಿ ಬಂದರೆ ಮೊದಲು ಏಳುವುದು ಏರಿ ಮೇಲಿನ ಕಲ್ಲು. ಕಲ್ಲು ಹೋದ ಊರಿನಲ್ಲಿ ಹುಡುಗರಿಗೆ ಬೆರಳು ತೋರಿಸಿ ಹೇಳಲು ಏನೂ ಉಳಿಯುವುದಿಲ್ಲ. ಅದಕ್ಕೇ ಈಗ ನಮ್ಮ ಶಾಲೆ ಮಕ್ಕಳ ಕೈಯಲ್ಲಿ ಅವರವರ ಊರಿನ ನಕ್ಷೆ ಬರೆಸುತ್ತೇನೆ. ಕಲ್ಲು, ಮರ, ಬಾವಿ, ಹುತ್ತ ಎಲ್ಲ ಬರಬೇಕು. ಪಕ್ಕದಲ್ಲಿ ಅಜ್ಜಿ ಹೇಳಿದ್ದು ಅಜ್ಜಿಯ ಮಾತಿನಲ್ಲೇ ಇರಬೇಕು. ವ್ಯಾಕರಣ ತಿದ್ದುವುದಿಲ್ಲ.

ಕಥೆ ಹುಡುಕಿಕೊಂಡು ಕಾವೇರಿ ದಡದ ಮುತ್ತತ್ತಿಗೆ ಹೋಗುವವರು ದಯವಿಟ್ಟು ಹೊಳೆಗೆ ಇಳಿಯಬೇಡಿ. ಸೀತೆಯ ಒಡವೆ ಬಿದ್ದಿದ್ದು, ಹನುಮಂತ ಬಾಲ ಬಿಟ್ಟು ನೀರು ಕದಡಿ ಅದನ್ನು ಎತ್ತಿಕೊಟ್ಟಿದ್ದು ಅಲ್ಲೇ ಅನ್ನುತ್ತಾರೆ. ಸುಳಿಯಂತೂ ನಿಜ, ಈಜು ಬಲ್ಲವರನ್ನೂ ಎಳೆದುಕೊಂಡಿದೆ. ದಡದಲ್ಲೇ ಕೂತು ಕೇಳಿ. ಬಿದ್ದಿದ್ದು ಮೂಗುತಿಯೋ ಉಂಗುರವೋ ಅಂತ ಅಲ್ಲಿನವರನ್ನೇ ವಿಚಾರಿಸಿ.