ಅಜ್ಜನ ಕಾಲದ ಕೋವಿ ಅಂದ್ರೆ ಸುಮ್ನೆ ತಗೊಂಬಿಡ್ಬೇಡಿ: ಕದ್ದಿದ್ದಾ ಅಲ್ವಾ ಅಂತ ನೋಡೋದು ಹೀಗೆ

ನಮ್ಮ ಮಲ್ನಾಡ್ ಕಡೆ ಹಳೇ ಕೋವಿ ಮಾರಾಟ ಶುರುವಾಗೋದೇ ಒಂದು ಕತೆಯಿಂದ. ಅಜ್ಜಂದು, ಎಸ್ಟೇಟ್ ದೊರೆ ಇಂಗ್ಲೆಂಡಿಗೆ ವಾಪಸ್ ಹೋಗ್ವಾಗ ಕೊಟ್ಟಿದ್ದು, ಒಂದೇ ಈಡಿಗೆ ಹಂದಿ ಮಲಗಿಸ್ತಿತ್ತು, ಹೀಗೆ. ಕತೆ ಜಾಸ್ತಿ ಚೆನ್ನಾಗಿದ್ರೆ ನಾನು ಜಾಸ್ತಿ ನಿಧಾನ ಆಗ್ತೀನಿ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ರು ಜೋಡುನಳಿಗೆ ತೋಟಾಕೋವಿ ತೋರಿಸಿದ್ರು, ಬೆಲೆ ಅರ್ಧಕ್ಕರ್ಧ ಕಮ್ಮಿ, "ನಿಮಗೆ ಅಂತ ಹೇಳ್ತಿದೀನಿ ಮಾರಾಯ್ರೆ, ಪೇಪರ್ ಎಲ್ಲ ಆಮೇಲೆ ಮಾಡ್ಸಿದ್ರಾಯ್ತು" ಅಂದ್ರು. ಆ "ಆಮೇಲೆ" ಕೇಳಿದ್ದೇ ಕೇಳಿದ್ದು, ಕಾಫಿ ಕುಡಿದು ಎದ್ದು ಬಂದೆ.

ಹಳೇ ಫೋನ್ ಆದ್ರೆ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ ತೆಗೆದು 14422ಕ್ಕೆ ಮೆಸೇಜ್ ಹಾಕಿದ್ರೆ ಅದ್ರ ಜಾತಕ ಸಿಗತ್ತೆ. ಕೋವಿಗೆ ಆ ಥರ ಸೋಫಾ ಮೇಲೆ ಕೂತು ನೋಡೋ ಆಸೆ ಬಿಟ್ಬಿಡಿ, ಇಲ್ಲಿ ಠಾಣೆ ಮೆಟ್ಟಿಲು ಹತ್ತಲೇಬೇಕು. ಹತ್ತೋಕೆ ಮುಂಚೆ ನೀವೇ ನೋಡ್ಕೊಬೇಕಾದ್ದೂ ತುಂಬಾ ಇದೆ.

ಮೊದ್ಲು ನಿಮ್ಮ ಲೈಸನ್ಸ್

ಇದು ಬೇಗ ಮುಗಿಸ್ತೀನಿ. ನಿಮ್ಮ ಹತ್ರ ಲೈಸನ್ಸ್ ಇಲ್ದೆ ಕೋವಿ ನೋಡೋಕೆ ಹೋಗೋದೇ ವೇಸ್ಟು. ಜಿಲ್ಲೆಗಳಲ್ಲಿ ಡಿಸಿ ಕೊಡ್ತಾರೆ, ಬೆಂಗಳೂರಲ್ಲಾದ್ರೆ ಪೊಲೀಸ್ ಕಮಿಷನರ್. ಲೈಸನ್ಸ್‌ನಲ್ಲಿ ಯಾವ ಥರದ ಕೋವಿ ಅಂತ ಬರೆದಿರತ್ತೋ ಅದನ್ನೇ ಕೊಳ್ಳಬೇಕು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ್ಮೇಲೆ ಒಬ್ರ ಹೆಸರಲ್ಲಿ ಎರಡೇ ಕೋವಿ, ಮುಂಚೆ ಮೂರಿತ್ತು. "ನಾಲ್ಕು ದಿನ ಮನೇಲಿಟ್ಕೊಂಡು ನೋಡಿ, ಇಷ್ಟ ಆದ್ರೆ ತಗೊಳ್ಳಿ" ಅಂತ ಯಾರಾದ್ರೂ ಅಂದ್ರೆ ಕೈ ಮುಗಿದು ಬಿಡಿ, ಕಾಗದ ಆಗೋ ಮುಂಚೆ ಕೋವಿ ನಿಮ್ಮನೇಲಿ ಸಿಕ್ರೆ ಕೇಸ್ ಬೀಳೋದು ನಿಮ್ಮ ಮೇಲೆ.

ಮಾರೋರ ಬುಕ್ಕು ಓದೋದು

ಮಾರೋರ ಒರಿಜಿನಲ್ ಲೈಸನ್ಸ್ ಕೇಳಿ, ವಾಟ್ಸಾಪ್ ಫೋಟೋ ಬೇಡ. ಹೆಸರು, ಫೋಟೋ ಎಲ್ರೂ ನೋಡ್ತಾರೆ, ಯಾರೂ ನೋಡದೇ ಇರೋದು ಹಿಂದಿನ ಪುಟಗಳು. ಲೈಸನ್ಸ್ ಮುಂಚೆ ಮೂರು ವರ್ಷಕ್ಕೊಮ್ಮೆ ರಿನ್ಯೂವಲ್ ಇತ್ತು, 2019ರ ತಿದ್ದುಪಡಿ ನಂತ್ರ ಐದು ವರ್ಷ. ಅಂದ್ರೆ ಇಪ್ಪತ್ತು ವರ್ಷದಿಂದ ಕೋವಿ ನಂದೇ ಅನ್ನೋರ ಬುಕ್ಕಲ್ಲಿ ಸೀಲುಗಳು ಸಾಲಾಗಿ ಬಿದ್ದಿರ್ಬೇಕು, ತೋಟಾ, ಅಂದ್ರೆ ಕಾಡತೂಸು, ತಗೊಂಡಿದ್ದರ ಎಂಟ್ರಿಗಳೂ ಅಲ್ಲಲ್ಲಿ ಇರ್ತವೆ. ಮಧ್ಯದಲ್ಲಿ ಎಂಟ್ಹತ್ತು ವರ್ಷ ಖಾಲಿ ಇದ್ರೆ ಆಗ ಕೋವಿ ಎಲ್ಲಿತ್ತು ಅಂತ ಕೇಳಿ, ಉತ್ತರ ಠಾಣೇಲಿತ್ತು ಅಂತ ಬಂದ್ರೆ ರಸೀದಿ ಕೇಳಿ. ಎಲೆಕ್ಷನ್ ಬಂದಾಗಲೆಲ್ಲ ನಾವು ಕೋವಿ ಹೊತ್ಕೊಂಡು ಹೋಗಿ ಠಾಣೇಲಿ ಡಿಪಾಸಿಟ್ ಮಾಡ್ತೀವಲ್ಲ, ಬೆಳೆಗೆ ಹಂದಿ ಬೀಳೋ ಟೈಮಲ್ಲೇ ಅದೊಂದು ಕಿರಿಕಿರಿ ಅಂತ ಬೈಕೊಂಡೇ ಹೋಗ್ತೀವಿ, ಆದ್ರೆ ಆ ರಸೀದಿಗಳಷ್ಟು ಒಳ್ಳೇ ಸಾಕ್ಷಿ ಬೇರೆ ಇಲ್ಲ, ಯಾಕಂದ್ರೆ ಪೊಲೀಸ್ನೋರೇ ಕೋವಿ ನಂಬರ್ ಬರೆದು ಸೀಲ್ ಹಾಕಿ ಕೊಟ್ಟಿರ್ತಾರೆ.

ಯುಐಎನ್ ಅಂತ ಒಂದು ನಂಬರ್ ಇರತ್ತೆ, ಎನ್‌ಡಿಎಎಲ್ ಅನ್ನೋ ರಾಷ್ಟ್ರೀಯ ಡೇಟಾಬೇಸಿಂದ ಪ್ರತಿ ಲೈಸನ್ಸ್‌ದಾರರಿಗೂ ಕೊಟ್ಟಿದ್ದು. ಅದಿಲ್ಲದ ಹಳೇ ಬುಕ್ಕಿಗೆ ಈಗ ಬೆಲೆ ಇಲ್ಲ.

ಅಪ್ಪ ತೀರಿಹೋಗಿ ಮಗ ಮಾರ್ತಿದ್ರೆ? ನಮ್ಮಲ್ಲಿ ಸಾಮಾನ್ಯವಾಗಿ ಎಡವಟ್ಟಾಗೋದು ಇಲ್ಲೇ. ಅಪ್ಪನ ಲೈಸನ್ಸ್ ಅಪ್ಪನ ಜೊತೆಗೇ ಹೋಯ್ತು, ಕೋವಿ ಠಾಣೇಲೋ ಲೈಸನ್ಸ್ ಇರೋ ಡೀಲರ್ ಹತ್ರಾನೋ ಡಿಪಾಸಿಟ್ ಆಗಿರ್ಬೇಕು, ಇಲ್ಲಾ ವಾರಸುದಾರರ ಹೆಸರಿಗೆ ಲೈಸನ್ಸ್ ಆಗಿರ್ಬೇಕು. ಎರಡೂ ಆಗದೆ ಅಟ್ಟದ ಮೇಲೆ ಗೋಣಿ ಸುತ್ತಿ ಮಲಗಿರೋ ಕೋವಿ ಕದ್ದ ಮಾಲಲ್ಲ ಸರಿ, ಆದ್ರೆ ಮಾರೋ ಮಾಲೂ ಅಲ್ಲ. ಅಣ್ಣತಮ್ಮಂದ್ರು ಇದ್ರೆ ಎಲ್ಲರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಇಲ್ಲಾಂದ್ರೆ ನಾಳೆ ಅವರಲ್ಲೇ ಒಬ್ಬ "ನಮ್ಮನೆ ಕೋವಿ ಕಳುವಾಗಿದೆ" ಅಂತ ಕಂಪ್ಲೇಂಟ್ ಕೊಡ್ತಾನೆ.

ಕೊಡಗಿನೋರು ಮಾರ್ತಿದ್ರೆ ಲೈಸನ್ಸ್ ಬದ್ಲು ಡಿಸಿ ಆಫೀಸಿನ ವಿನಾಯಿತಿ ಪತ್ರ ತೋರಿಸ್ಬೋದು, ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಆ ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದಾರೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡೋ ಮನೆಗಳವು. ಆದ್ರೆ ವಿನಾಯಿತಿ ಇರೋದು ಆ ಮನುಷ್ಯರಿಗೆ, ಕೋವಿಗಲ್ಲ. ಹಾಸನದಲ್ಲೋ ಬೇರೆಲ್ಲೋ ಇರೋ ನಿಮ್ಮ ಕೈಗೆ ಬಂದ ಕ್ಷಣ ನಿಮ್ಮ ಲೈಸನ್ಸೇ ಬೇಕು.

ಇನ್ನು ಕೋವಿ ಮೈ ನೋಡೋದು

ಮಾರೋರೇ ತೆರೆದು ತೋಟಾ ಇಲ್ಲ ಅಂತ ತೋರಿಸ್ಲಿ, ನೀವೂ ಬೆಳಕಿಗೆ ಹಿಡಿದು ಎರಡೂ ನಳಿಗೆ ಆರ್‌ಪಾರ್ ಕಾಣತ್ತಾ ನೋಡಿ. ಆಮೇಲೆ ನಳಿಗೆ ಕೆಳಗಿನ ಮರದ ತುಂಡು ಬಿಚ್ಚಿ ನಳಿಗೆ ಬೇರೆ ಮಾಡೋಕೆ ಹೇಳಿ. ಹಳೇ ಜೋಡುನಳಿಗೆಗಳಲ್ಲಿ ನಂಬರ್ ಸಾಮಾನ್ಯವಾಗಿ ಮೂರು ಕಡೆ ಇರತ್ತೆ: ನಳಿಗೆಯ ಅಡಿಭಾಗದಲ್ಲಿ, ನಳಿಗೆ ಕೂರೋ ಕಬ್ಬಿಣದ ಭಾಗದಲ್ಲಿ, ಆ ಮರದ ತುಂಡಿನ ಒಳಗಿನ ಕಬ್ಬಿಣದಲ್ಲಿ. ಮೂರೂ ಒಂದೇ ಆಗಿರ್ಬೇಕು. ಒಂದು ಬೇರೆ ಇದ್ರೆ ಎರಡು ಕೋವಿ ಸೇರಿಸಿ ಒಂದು ಮಾಡಿದಾರೆ ಅಂತ ಅರ್ಥ, ರಿಪೇರಿಗೆ ಮಾಡಿಸಿದ್ದೂ ಇರ್ಬೋದು, ಹಾಗಿದ್ರೆ ಬಿಲ್ ಇರತ್ತೆ.

ನಂಬರ್ ಇರೋ ಜಾಗದಲ್ಲಿ ಉಗುರಾಡಿಸಿ ನೋಡಿ. ಉಜ್ಜಿದ್ರೆ ಸಣ್ಣ ತಗ್ಗು ಸಿಗತ್ತೆ, ಸುತ್ತ ಇರೋ ಕಪ್ಪುನೀಲಿ ಬಣ್ಣ ಅಲ್ಲಿ ಮಾತ್ರ ಹೊಸದಾಗಿರತ್ತೆ. ಅಂಕಿಗಳ ಆಳ ಹೆಚ್ಚುಕಮ್ಮಿ, ಸಾಲು ಸೊಟ್ಟ, ಒಂದು 8 ಮಾತ್ರ 3ರಿಂದ ತಿದ್ದಿದ ಹಾಗೆ ಕಂಡ್ರೆ ಮಾತು ಅಲ್ಲಿಗೇ ನಿಲ್ಲಿಸಿ. ಉಜ್ಜಿದೋರು ಹೋಯ್ತು ಅನ್ಕೊಂಡಿರ್ತಾರೆ, ಆದ್ರೆ ಅಚ್ಚು ಹೊಡೆದಾಗ ಅಡಿಯ ಲೋಹವೂ ಅದುಮಿರತ್ತೆ, ಫೊರೆನ್ಸಿಕ್ ಲ್ಯಾಬ್ನೋರು ಆಸಿಡ್ ಹಾಕಿ ಆ ನಂಬರ್ ಮತ್ತೆ ಎಬ್ಬಿಸ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ನಂಬರ್ ಇಲ್ಲದ ಕೋವಿ ಮಾರೋ ಹಾಗೇ ಇಲ್ಲ, ಇನ್ನೂ ಹೆದರಿಕೆ ವಿಷಯ ಏನಂದ್ರೆ ಅಂಥ ಕೋವಿ ಯಾರ ಹತ್ರ ಸಿಗತ್ತೋ ಅವರೇ ಅಳಿಸಿದ್ದು ಅಂತ ಕಾನೂನು ಅಂದ್ಕೊಳತ್ತೆ, ಅಲ್ಲ ಅಂತ ಸಾಬೀತು ಮಾಡೋದು ಅವರ ತಲೆನೋವು.

ಒಂದು ವಿಚಿತ್ರ ಹೇಳ್ಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಟೆಸ್ಟ್ ಆಗಿ ಬಂದ ಕೋವಿಗಳ ನಳಿಗೆ ಅಡಿ ತುಂಬಾ ಸಣ್ಣಸಣ್ಣ ಅಚ್ಚು ಇರ್ತವೆ, ಕಿರೀಟದ ಗುರುತು, ಡೈಮಂಡ್ ಆಕಾರದೊಳಗೆ 12, ಹೀಗೆ. ಅವು ಬೋರು (ನಳಿಗೆ ಒಳಗಿನ ಅಳತೆ), ಪರೀಕ್ಷೆಯ ಗುರುತು, ಕೋವಿಯ ನಂಬರ್ ಅಲ್ಲ. ಹಿಂದೆ ಯಾರೋ ಗುಮಾಸ್ತರು ಅದನ್ನೋ ಪೇಟೆಂಟ್ ನಂಬರನ್ನೋ ಲೈಸನ್ಸಿಗೆ ಬರೆದುಬಿಟ್ಟಿರ್ತಾರೆ, ನಲವತ್ತು ವರ್ಷ ಅದೇ ನಡ್ಕೊಂಡು ಬಂದಿರತ್ತೆ. ಹಾಗಾಗಿ ನಂಬರ್ ಹೊಂದದ ಕೂಡ್ಲೇ ಎದುರಿಗಿರೋರನ್ನ ಕಳ್ಳ ಅನ್ಬೇಡಿ, ಆದ್ರೆ ಡಿಸಿ ಆಫೀಸಲ್ಲಿ ಅವರೇ ಸರಿ ಮಾಡಿಸ್ಕೊಂಡು ಬರೋ ತನಕ ಅಡ್ವಾನ್ಸೂ ಕೊಡ್ಬೇಡಿ.

ಠಾಣೆ, ಮತ್ತೆ ಆ 45 ದಿನ

ಲೈಸನ್ಸ್ ಇರೋರು ತಮ್ಮ ಕೋವಿ ನಿಮಗೆ ನೇರ ಮಾರೋದಾದ್ರೆ, ಯಾವ ಕೋವಿ, ಯಾರಿಗೆ, ವಿಳಾಸ ಏನು ಅಂತ ಡಿಸಿಗೋ ಹತ್ತಿರದ ಠಾಣಾಧಿಕಾರಿಗೋ ಬರೆದು ತಿಳಿಸಿ ಕನಿಷ್ಠ 45 ದಿನ ಕಾಯ್ಬೇಕು, ಇದು ಕಾಯ್ದೆಯ 5ನೇ ಕಲಂ. ಎಲ್ರೂ ಇದನ್ನ ಸರ್ಕಾರಿ ಕಾಟ ಅಂತಾರೆ. ನನ್ನ ಪ್ರಕಾರ ಕೊಳ್ಳೋರಿಗೆ ಇದಕ್ಕಿಂತ ಒಳ್ಳೇ ಫಿಲ್ಟರ್ ಇಲ್ಲ, ಕದ್ದ ಕೋವಿ ಇಟ್ಕೊಂಡೋನು ಅದ್ರ ನಂಬರ್ ಬರೆದು ಸಹಿ ಹಾಕಿ ಠಾಣೆಗೆ ಕೊಟ್ಟು ಒಂದೂವರೆ ತಿಂಗಳು ಆರಾಮಾಗಿ ಕಾಯ್ತಾನಾ? ಅರ್ಜಿ ಕೊಡೋಣ ಅಂದ ತಕ್ಷಣ ಕೆಲವ್ರು ಫೋನೇ ಎತ್ತಲ್ಲ.

ಸ್ವೀಕೃತಿ ಸೀಲು, ತಾರೀಕು ಇರೋ ಪ್ರತಿ ನಿಮ್ಮ ಹತ್ರ ಒಂದಿರ್ಲಿ. ಆ 45 ದಿನದಲ್ಲಿ ನೀವೂ ಸುಮ್ನಿರ್ಬೇಡಿ, ಮಾರೋರ ಲೈಸನ್ಸ್ ಯಾವ ಠಾಣೆ ವ್ಯಾಪ್ತಿಗೆ ಬರತ್ತೋ ಅಲ್ಲಿಗೇ ಹೋಗಿ ಎಸ್‌ಐ ಹತ್ರ ಬರಹದಲ್ಲೇ ಕೇಳಿ: ಈ ನಂಬರಿನ ಕೋವಿ ಮೇಲೆ ಕಳುವಿನ ಎಫ್‌ಐಆರ್ ಇದ್ಯಾ, ಯಾವ್ದಾದ್ರೂ ಕೇಸಲ್ಲಿ ಪೊಲೀಸ್ನೋರು ವಶಕ್ಕೆ ತಗೊಂಡ ಮುದ್ದೆಮಾಲು ಆಗಿತ್ತಾ, ಲೈಸನ್ಸ್ ಸಸ್ಪೆಂಡ್ ಆಗಿದ್ಯಾ. ನಂಬರ್ ಜೊತೆ ಮೇಕು, ಬೋರು ಎರಡೂ ಬರೀರಿ, ಬೇರೆ ಬೇರೆ ಕಂಪನಿ ಕೋವಿಗೆ ಒಂದೇ ನಂಬರ್ ಇರೋದು ಉಂಟು. ಗೊತ್ತಿರೋ ಕಾನ್‌ಸ್ಟೇಬಲ್ ಹತ್ರ ಬಾಯಿಮಾತಲ್ಲಿ ಕೇಳ್ಕೊಂಡು ಬಂದ್ರೆ ನಾಳೆ ಕೋರ್ಟಲ್ಲಿ ಅದು ಲೆಕ್ಕಕ್ಕಿಲ್ಲ. ಕದ್ದ ಮಾಲು ಕೊಂಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಲ್ಲಿ ಮೂರು ವರ್ಷದ ತನಕ ಜೈಲಿದೆ, ಅಲ್ಲಿ ಕೇಳೋದೇ ನಿಮಗೆ ಗೊತ್ತಿತ್ತಾ, ಅನುಮಾನಕ್ಕೆ ಕಾರಣ ಇತ್ತಾ ಅಂತ, ಆವಾಗ ಈ ಅರ್ಜಿಯೇ ನಿಮ್ಮ ಕೈ ಹಿಡಿಯೋದು.

ಇಷ್ಟೆಲ್ಲ ಓಡಾಟ ಆಗಲ್ಲ ಅನ್ನೋರು ಲೈಸನ್ಸ್ ಇರೋ ಗನ್ ಹೌಸಿಂದ ಹಳೇ ಕೋವಿ ತಗೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿ ಆಗತ್ತೆ, ಆದ್ರೆ ಅವರ ರಿಜಿಸ್ಟರಲ್ಲಿ ಯಾರಿಂದ ಬಂತು ಅನ್ನೋದು ಇರತ್ತೆ, ನಂಬರ್ ಹಾಕಿದ ಬಿಲ್ಲೂ ಸಿಗತ್ತೆ. ಫೇಸ್‌ಬುಕ್ಕಲ್ಲಿ ಪಿಸ್ತೂಲ್ ಫೋಟೋ ಹಾಕಿ ಕೊರಿಯರ್ ಮಾಡ್ತೀವಿ ಅನ್ನೋರ ಬಗ್ಗೆ ಹೇಳೋಕೂ ಬೇಜಾರು, ದುಡ್ಡು ಹೋದ್ರೆ ಅದೃಷ್ಟ, ಪಿಸ್ತೂಲ್ ನಿಜವಾಗ್ಲೂ ಬಂದ್ರೆ ಗ್ರಹಚಾರ.

ಎಲ್ಲ ಸರಿ ಇದ್ರೆ ದುಡ್ಡು ಬ್ಯಾಂಕ್ ಮೂಲಕಾನೇ ಕೊಡಿ, ಕೋವಿ ತೋರಿಸಿ ನಿಮ್ಮ ಲೈಸನ್ಸಿಗೆ ನಂಬರ್ ಹತ್ತಿಸ್ಕೊಳ್ಳಿ, ಅವರ ಲೈಸನ್ಸಿಂದ ಅದು ಹೊಡೆದುಹಾಕಿದ ಪುಟದ ಜೆರಾಕ್ಸ್ ಕೂಡ ಅವತ್ತೇ ಇಸ್ಕೊಂಡು ಬನ್ನಿ. ಒಂದೇ ಕೋವಿ ಎರಡು ಬುಕ್ಕಲ್ಲಿ ಇದ್ರೆ ಮುಂದಿನ ಎಲೆಕ್ಷನ್‌ಗೆ ಡಿಪಾಸಿಟ್ ಮಾಡಿ ಅಂತ ಠಾಣೆಯಿಂದ ಇಬ್ರಿಗೂ ಫೋನ್ ಬರತ್ತೆ.